ಹಳ್ಳ ಹಿಡಿದರೆ ಹೊಳೆ ಉಳಿದೀತು

(ಮಲಪ್ರಭೆಯ ದಂಡೆಯ ಊರುಗಳ ರೈತರು, ಮಹಿಳಾ ಸಂಘದವರು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಅಕ್ಕ-ತಂಗಿಯರೇ,

ಹೊಳೆ ಉಳಿಸುವ ಮಾತು ಬಂದಾಗ ನಮ್ಮ ಕಡೆ ಎರಡು ಚಿತ್ರ ಕಣ್ಣಿಗೆ ಬರುತ್ತವೆ. ಭಾನುವಾರ ಬೆಳಗ್ಗೆ ದಂಡೆಯ ಪ್ಲಾಸ್ಟಿಕ್ ಆರಿಸುವ ಗುಂಪು ಒಂದು, ಜೂನ್ 5ಕ್ಕೆ ಸಸಿ ಹಿಡಿದು ಫೋಟೊಕ್ಕೆ ನಿಂತ ಸಾಲು ಇನ್ನೊಂದು. ಎರಡರಲ್ಲೂ ತಪ್ಪೇನಿಲ್ಲ. ಆದರೆ ದಂಡೆಯ ಮೇಲೆ ನಿಂತು ಹೊಳೆಗೆ ಮಾಡಬಹುದಾದ ಕೆಲಸ ಬಹಳ ಕಡಿಮೆ. ಹೊಳೆಗೆ ಬರುವ ನೀರು, ಮಣ್ಣು, ಹೊಲಸು ಮೂರೂ ಹಳ್ಳದ ದಾರಿಯಲ್ಲೇ ಬರುತ್ತವೆ. ಹೊಳೆ ಎಲ್ಲರದು, ಹಾಗಾಗಿ ಯಾರದೂ ಅಲ್ಲ ಎಂಬಂತಾಗಿದೆ. ಹಳ್ಳ ಹಾಗಲ್ಲ, ಅದಕ್ಕೊಂದು ಊರಿದೆ, ಹೆಸರಿದೆ, ಸರ್ವೆ ನಂಬರಿದೆ, ಪಂಚಾಯಿತಿ ಇದೆ. ಆದ್ದರಿಂದ ಇಂದಿನ ಮಾತಿಗೆ ಮಲಪ್ರಭೆಯ ಹೆಸರಿಟ್ಟಿದ್ದರೂ ಬಹುಪಾಲು ಹಳ್ಳದ ಸುದ್ದಿಯನ್ನೇ ಹೇಳುತ್ತೇವೆ.

ಮೊದಲು ಹೊಳೆಯ ಸ್ವಭಾವ ನೋಡೋಣ. ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿ.ಮೀ. ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಸವದತ್ತಿ ಹತ್ತಿರ ನವಿಲುತೀರ್ಥ ಅಣೆಕಟ್ಟು ಇದೆ. ಅದರ ಸಾಮರ್ಥ್ಯ 37.73 ಟಿಎಂಸಿ. ಹುಬ್ಬಳ್ಳಿ-ಧಾರವಾಡ ಕುಡಿಯುವುದೂ ಇದೇ ನೀರು. ಹುಟ್ಟುವ ಕಡೆ ಮಳೆ ಸಾವಿರಾರು ಮಿಲಿಮೀಟರ್, ರಾಮದುರ್ಗ-ಬಾದಾಮಿಯ ಕಡೆ ಸುಮಾರು 600ರ ಆಸುಪಾಸು. ಅಂದರೆ ಜಲಾಶಯ ತುಂಬುವುದು ಖಾನಾಪುರದ ಕಾಡಿನ ಒಂದು ಸಣ್ಣ ಪಟ್ಟಿಯಿಂದ. ಆ ಕಾಡಿನ ಮಾತು ಸವದತ್ತಿಯವರಿಗೆ ಪರರ ಮಾತಾಗಬಾರದು.

ಅಣೆಕಟ್ಟಿನ ಕೆಳಗೆ ಕಥೆ ಬೇರೆ. ಹೆಚ್ಚಿನ ವರ್ಷ ಹೊಳೆ ಬಡವಾಗಿ ಹರಿಯುತ್ತದೆ, ಒಣಗಿದ ಪಾತ್ರದ ಅಂಚು ವರ್ಷವರ್ಷಕ್ಕೂ ಹೊಲವಾಗುತ್ತದೆ, ಅಲ್ಲಿ ಕಬ್ಬು ಏಳುತ್ತದೆ. ಗೇಟು ತೆಗೆದ ವರ್ಷ ನೀರಿಗೆ ಜಾಗವೇ ಇರುವುದಿಲ್ಲ. ಸಾಲದ್ದಕ್ಕೆ ಮಲಪ್ರಭೆಗೆ ಬಂದು ಸೇರುವ ಬೆಣ್ಣಿಹಳ್ಳದ ನೀರು, ಅದಕ್ಕೆ ಯಾವ ಗೇಟೂ ಇಲ್ಲ. 2009 ಮತ್ತು 2019ರಲ್ಲಿ ರಾಮದುರ್ಗದಿಂದ ಪಟ್ಟದಕಲ್ಲಿನವರೆಗೆ ನೆರೆಯಿಂದ ಏನಾಯಿತೆಂದು ಇಲ್ಲಿ ಕುಳಿತವರಿಗೆ ವಿವರಿಸಬೇಕಿಲ್ಲ.

ಕೆಲಸ ಶುರುವಾಗುವುದು ನಕ್ಷೆಯಿಂದ. ಜಲಾನಯನವೆಂದರೆ ಓರೆ ಹಿಡಿದ ಮೊರ ಇದ್ದಂತೆ: ಮೂರು ಕಡೆ ಅಂಚು, ಒಂದು ಕಡೆ ಬಾಯಿ. ನಿಮ್ಮ ಹಳ್ಳದ ಮೊರದ ಅಂಚು ಎಲ್ಲಿದೆ ಎಂಬುದನ್ನು ಕಾಲ್ನಡಿಗೆಯಲ್ಲೇ ಕಂಡುಕೊಳ್ಳಬೇಕು. ಸರ್ವೆ ಇಲಾಖೆಯ ಗ್ರಾಮ ನಕಾಶೆ ಹಿಡಿದು, ಫೋನಿನಲ್ಲಿ ದಿಶಾಂಕ್ ತೆರೆದುಕೊಂಡು, ಮಡ್ಡಿಯ, ಅಂದರೆ ಬರಡು ದಿಬ್ಬದ, ನೆತ್ತಿಯ ಮೇಲೆ ನಡೆಯಿರಿ. ದಿಶಾಂಕ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಜೊತೆಗೆ ಕುರಿ ಕಾಯುವವರು ಒಬ್ಬರಾದರೂ ಇರಲಿ. ಯಾವ ಮಳೆಗೆ ನೀರು ಎತ್ತ ತಿರುಗುತ್ತದೆ ಎಂಬುದು ನಕಾಶೆಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇದೇ ನಡಿಗೆಯಲ್ಲಿ ಹಳ್ಳದ ಖರಾಬು ಗುರುತಿಸಿಕೊಳ್ಳಿ. ‘ಅ’ ಖರಾಬು ರೈತನ ಹಿಡುವಳಿಯೊಳಗೇ ಇರುವ, ಸಾಗುವಳಿಗೆ ಬಾರದ ಭೂಮಿ. ‘ಬ’ ಖರಾಬು ಸಾರ್ವಜನಿಕ. ಹಳ್ಳ, ದಾರಿ, ಕೆರೆ ಇದರಲ್ಲಿ ಬರುತ್ತವೆ. ಹಳ್ಳ ನಕಾಶೆಯಲ್ಲಿ ಅಗಲವಾಗಿದ್ದು ಹೊಲದಲ್ಲಿ ಕಿರಿದಾಗಿದ್ದರೆ ಒತ್ತುವರಿಯ ಅಳತೆಗೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆದರೆ ಮೊದಲ ವರ್ಷವೇ ಅರ್ಜಿ ಹಿಡಿದು ಹೊರಡಬೇಡಿ ಎನ್ನುವುದು ನಮ್ಮ ಸಲಹೆ. ಕೆಲಸ ಕಣ್ಣಿಗೆ ಕಾಣುವ ಮೊದಲೇ ಜಗಳ ಶುರುವಾದರೆ ಊರು ಎರಡಾಗುತ್ತದೆ, ಹಳ್ಳ ಅಲ್ಲೇ ಉಳಿಯುತ್ತದೆ.

ಮುಂದಿನದು ಅಳತೆ. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಗುದ್ದಲಿ ಹಿಡಿಯುತ್ತಾರೆ. ಮೂರು ವರ್ಷದ ಮೇಲೆ ‘ಏನು ಲಾಭ ಆತು?’ ಎಂದು ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ. ಮಳೆ, ಬಾವಿ, ಹಳ್ಳದ ಹರಿವು, ಈ ಮೂರನ್ನು ಬರೆದಿಟ್ಟರೆ ಸಾಕು. ಮಳೆಯನ್ನು ದಿನಾ ಬೆಳಗ್ಗೆ 8.30ಕ್ಕೆ ಓದಬೇಕು, ಹವಾಮಾನ ಇಲಾಖೆಯ ಹೊತ್ತು ಅದೇ. ನೆಟ್ಟಗಿನ ಗೋಡೆಯ ಡಬ್ಬಿ ಮತ್ತು ಸ್ಕೇಲು ಇದ್ದರೆ ಶಾಲೆಯ ಮಕ್ಕಳೇ ಮಾಡುತ್ತಾರೆ. ಡಬ್ಬಿ ಗಿಡದ ಕೆಳಗೆ, ಗೋಡೆಯ ಪಕ್ಕ ಇರಬಾರದು. ಬಾವಿಯ ನೀರಿನ ಆಳವನ್ನು ತಿಂಗಳಿಗೊಮ್ಮೆ, ಪಂಪು ಚಾಲೂ ಮಾಡುವ ಮೊದಲು, ಕಲ್ಲು ಕಟ್ಟಿದ ಹಗ್ಗದಿಂದ ನೋಡಿ. ಮೇ ಮತ್ತು ನವೆಂಬರಿನ ಅಳತೆ ಮಾತ್ರ ಎಂದೂ ತಪ್ಪಬಾರದು.

ಹರಿವಿನ ಅಳತೆಗೆ ಹಳ್ಳ ನೇರವಾಗಿ ಹರಿಯುವ 10 ಮೀಟರ್ ಜಾಗ ಹುಡುಕಿ, ಎರಡೂ ತುದಿಗೆ ಹಗ್ಗ ಕಟ್ಟಿ. ಅಗಲ ಅಳೆಯಿರಿ, ಅಡ್ಡಕ್ಕೆ ನಾಲ್ಕೈದು ಕಡೆ ಆಳ ನೋಡಿ ಸರಾಸರಿ ತೆಗೆಯಿರಿ. ಮೇಲಿನ ಹಗ್ಗಕ್ಕಿಂತ ಸ್ವಲ್ಪ ಮೇಲೆಯೇ ಒಂದು ಕಿತ್ತಳೆ ಹಣ್ಣು ಬಿಡಿ. ಅದು ಬಹುಪಾಲು ಮುಳುಗಿ ತೇಲುವುದರಿಂದ ಗಾಳಿಗೆ ಓಡುವುದಿಲ್ಲ, ಥರ್ಮಾಕೋಲ್ ಓಡುತ್ತದೆ. ಅಗಲ 3 ಮೀಟರ್, ಸರಾಸರಿ ಆಳ 20 ಸೆಂ.ಮೀ. ಇದ್ದು, ಹಣ್ಣು 25 ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ 0.4 ಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಹಾಗಾಗಿ 0.85ರಿಂದ ಗುಣಿಸಬೇಕು. ಒಟ್ಟು ಸೆಕೆಂಡಿಗೆ ಸುಮಾರು 204 ಲೀಟರ್, ಅಂದರೆ 7 ಕ್ಯೂಸೆಕ್‌ಗೆ ಸ್ವಲ್ಪ ಮೇಲೆ. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಹಳ್ಳ ಮಳೆಗಾಲದಲ್ಲಿ ಎಷ್ಟು ಹರಿಯಿತು ಎಂಬುದಕ್ಕಿಂತ ಮಳೆ ನಿಂತ ಮೇಲೆ ಎಷ್ಟು ವಾರ ಹರಿಯಿತು ಎಂಬುದೇ ನಿಮಗೆ ಬೇಕಾದ ಸಂಖ್ಯೆ.

ಈಗ ಗುದ್ದಲಿ ಹಿಡಿಯಬಹುದು. ಹಿಡಿಯುವುದು ನೆತ್ತಿಯಿಂದ, ತಗ್ಗಿನಿಂದಲ್ಲ. ಲೆಕ್ಕ ಸುಲಭ: ಒಂದು ಹೆಕ್ಟೇರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್. 50 ಹೆಕ್ಟೇರಿನ ಮಡ್ಡಿಯ ಮೇಲೆ 60 ಮಿ.ಮೀ. ಹೊಡೆದು, ಅದರಲ್ಲಿ ನೂರಕ್ಕೆ 30 ಪಾಲು ಹರಿದು ಬಂದರೂ 90 ಲಕ್ಷ ಲೀಟರ್ ಒಮ್ಮೆಲೇ ಹಳ್ಳಕ್ಕಿಳಿಯುತ್ತದೆ. ಕೆಳಗೆ ಕಟ್ಟಿದ ಚೆಕ್ ಡ್ಯಾಮಿಗೆ ಇದನ್ನು ತಡೆಯುವ ತಾಕತ್ತು ಇರುವುದಿಲ್ಲ. ಅದು ತುಂಬುವುದು ನೀರಿನಿಂದಲ್ಲ, ಮಣ್ಣಿನಿಂದ. ಮೇಲಿನ ಕೆಲಸ ಆಗದೆ ಕೆಳಗೆ ಕಟ್ಟಿದ ಚೆಕ್ ಡ್ಯಾಮುಗಳು ಕೆಲವೇ ವರ್ಷಗಳಲ್ಲಿ ಹೂಳಿನ ಕಟ್ಟೆಗಳಾಗುವುದು ಇದರಿಂದಲೇ.

ಮಡ್ಡಿಯ ಮೇಲೆ, ಗರಸು ಮಣ್ಣಿನಲ್ಲಿ, ಸಮಪಾತಳಿ ಕಂದಕ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಕಂದಕ, ತೋಡಬೇಕು. ಉದ್ದ 3 ಮೀಟರ್, ಅಗಲ 60 ಸೆಂ.ಮೀ., ಆಳ 45 ಸೆಂ.ಮೀ. ಆದರೆ ಒಂದರಲ್ಲಿ ಸುಮಾರು 800 ಲೀಟರ್ ನಿಲ್ಲುತ್ತದೆ. ಹೆಕ್ಟೇರಿಗೆ 150 ಕಂದಕ ಹಾಕಿದರೆ ಒಂದು ಸಲ ತುಂಬಿದಾಗ 1.2 ಲಕ್ಷ ಲೀಟರ್, ಅಂದರೆ 12 ಮಿ.ಮೀ. ಹರಿನೀರು ಅಲ್ಲೇ ಕೂರುತ್ತದೆ. ತೆಗೆದ ಮಣ್ಣನ್ನು ಕೆಳಬದಿಗೆ, ಕಂದಕದ ಅಂಚಿನಿಂದ 30 ಸೆಂ.ಮೀ. ಬಿಟ್ಟು ಹಾಕಿ. ಅಂಚಿಗೇ ಹಾಕಿದರೆ ಮೊದಲ ಮಳೆಗೇ ವಾಪಸ್ ಒಳಗೆ ಬೀಳುತ್ತದೆ. ಮೇಲಿನ ಸಾಲಿನ ಎರಡು ಕಂದಕಗಳ ನಡುವಿನ ಖಾಲಿ ಜಾಗಕ್ಕೆ ಕೆಳಗಿನ ಸಾಲಿನ ಕಂದಕ ಬರಬೇಕು.

ಇಲ್ಲಿ ಕೆಡುವುದೆಲ್ಲ ಮಟ್ಟ ತಪ್ಪುವುದರಿಂದ. ಕಣ್ಣಂದಾಜಿನಲ್ಲಿ ತೋಡಿದ ಕಂದಕದ ಒಂದು ತುದಿ ತಗ್ಗಾಗಿದ್ದರೆ ನೀರೆಲ್ಲ ಅತ್ತ ನುಗ್ಗಿ, ಅಲ್ಲಿಂದ ಹೊಸ ಕೊರಕಲು ಶುರುವಾಗುತ್ತದೆ. ಕಂದಕ ಇಲ್ಲದಿದ್ದರೇ ಚೆನ್ನಾಗಿತ್ತು ಎನ್ನುವಂತಾಗುತ್ತದೆ. ಇದಕ್ಕೆ ಎ ಫ್ರೇಮ್ ಸಾಕು. ಎರಡೆರಡು ಮೀಟರಿನ ಎರಡು ನೆಟ್ಟನೆ ಬಿದಿರನ್ನು ಮೇಲೆ ಕೂಡಿಸಿ ಕಟ್ಟಿ, ಕಾಲುಗಳನ್ನು 2 ಮೀಟರ್ ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ನೆತ್ತಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ಯಾವುದಾದರೂ ಎರಡು ಜಾಗಕ್ಕೆ ಗೂಟ ಹೊಡೆದು ಅದರ ಮೇಲೆ ಕಾಲಿಟ್ಟು, ದಾರ ಅಡ್ಡಪಟ್ಟಿಗೆ ತಾಗುವಲ್ಲಿ ಗುರುತು ಮಾಡಿ. ಕಾಲು ಅದಲುಬದಲು ಮಾಡಿ, ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು ಹಾಕಿ. ಎರಡರ ನಟ್ಟನಡುವೆ ಮೂರನೆಯ ಗುರುತು. ದಾರ ಅಲ್ಲಿ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ. ಗಾಳಿ ಜೋರಿದ್ದರೆ ಕಲ್ಲು ಭಾರದ್ದು ಕಟ್ಟಿ. ಮಹಿಳಾ ಸಂಘದವರು ಅರ್ಧ ದಿನದಲ್ಲಿ ಇದನ್ನು ಕಲಿಯುತ್ತಾರೆ.

ಮಡ್ಡಿಯಿಂದ ಇಳಿಯುವ ಕೊರಕಲುಗಳಿಗೆ ಒಣಕಲ್ಲಿನ ತಡೆ. ಎತ್ತರ ಒಂದು ಮೀಟರ್ ದಾಟಬಾರದು. ತಳವನ್ನು ಅರ್ಧ ಅಡಿಯಾದರೂ ಅಗೆದು ಕಲ್ಲು ಕೂರಿಸಿ, ಎರಡೂ ದಂಡೆಯೊಳಗೆ ಅರ್ಧ ಮೀಟರ್ ಹುಗಿಯಿರಿ. ದೊಡ್ಡ ಕಲ್ಲು ಕೆಳಹರಿವಿನ ಕಡೆ ಇರಲಿ. ನಡುಭಾಗ ಅಂಚುಗಳಿಗಿಂತ ಒಂದು ಅಡಿ ತಗ್ಗಿರಲೇಬೇಕು. ಮೇಲ್ಭಾಗವನ್ನು ಗೋಡೆಯಂತೆ ಸಪಾಟಾಗಿ, ಚೆಂದ ಕಾಣಲೆಂದು ಕಟ್ಟುವುದು ಬಹಳ ಸಲ ಆಗುವ ತಪ್ಪು. ಆಗ ನೀರು ನಡುವೆ ಹಾಯದೆ ಬದಿಗೆ ತಿರುಗಿ ದಂಡೆಯನ್ನೇ ಕೊರೆಯುತ್ತದೆ, ತಡೆ ಮಾತ್ರ ಗಟ್ಟಿಯಾಗಿ ಕೊರಕಲಿನ ನಡುವೆ ಒಂಟಿಯಾಗಿ ನಿಂತಿರುತ್ತದೆ. ನೀರು ಧುಮುಕುವ ಜಾಗಕ್ಕೆ ಕಲ್ಲು ಹಾಸಿ, ಇಲ್ಲದಿದ್ದರೆ ಗುಂಡಿ ಬಿದ್ದು ತಡೆ ಕುಸಿಯುತ್ತದೆ. ಕೆಳಗಿನ ತಡೆಯ ನೆತ್ತಿ, ಮೇಲಿನ ತಡೆಯ ಪಾದ ಒಂದೇ ಮಟ್ಟಕ್ಕೆ ಬರಬೇಕು. 100ಕ್ಕೆ 5ರ ಇಳಿಜಾರಿನಲ್ಲಿ 75 ಸೆಂ.ಮೀ. ಎತ್ತರದ ತಡೆಗಳ ನಡುವೆ 15 ಮೀಟರ್.

ಎರಿ ಭೂಮಿಗೆ, ಅಂದರೆ ಕಪ್ಪು ಮಣ್ಣಿನ ಹೊಲಕ್ಕೆ, ಇದ್ಯಾವುದನ್ನೂ ಹಾಗೆಯೇ ತರಬೇಡಿ. ಎರಿ ಮಣ್ಣು ನೆನೆದರೆ ಉಬ್ಬಿ ಬಾಯಿ ಮುಚ್ಚುತ್ತದೆ, ಒಣಗಿದರೆ ಬಿರಿಯುತ್ತದೆ. ಅಲ್ಲಿ ಸಮಪಾತಳಿ ಬದು ಹಾಕಿದರೆ ಹಿಂದೆ ನೀರು ವಾರಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯ ಬಿರುಕಿನೊಳಗೆ ಮುಂದಿನ ಮಳೆಯ ನೀರು ಹೊಕ್ಕು ಬದು ತೂತಾಗುತ್ತದೆ. ಆಳದ ಎರಿಗೆ ಸ್ವಲ್ಪ ಇಳುಕಲು ಕೊಟ್ಟ ಬದು ಬೇಕು: 100 ಮೀಟರಿಗೆ 20 ಸೆಂ.ಮೀ. ಇಳಿತ, ಕೊನೆಗೆ ಕಲ್ಲಿನ ಕೋಡಿ. ಗೌಂಡಿಗಳ ಲೆವೆಲ್ ಪೈಪಿನಲ್ಲಿ 10 ಮೀಟರಿಗೆ 2 ಸೆಂ.ಮೀ. ಹಿಡಿಯುತ್ತ ಹೋದರೆ ಆಯಿತು. ಹಿಂಗಾರಿ ಬಿಳಿಜೋಳದ ಹೊಲಕ್ಕೆ ಇನ್ನೂ ಅಗ್ಗದ ಉಪಾಯ ಚೌಕು ಮಡಿ. 1930ರ ದಶಕದಿಂದ ಒಣಬೇಸಾಯದ ಸಂಶೋಧನೆ ನಡೆದಿರುವ ವಿಜಯಪುರದ ಸೀಮೆಯಲ್ಲಿ ಇದು ಪಳಗಿದ ಪದ್ಧತಿ. ಮುಂಗಾರಿನಲ್ಲಿ ಹೊಲ ಖಾಲಿ ಇರುವಾಗ 3ರಿಂದ 4.5 ಮೀಟರಿನ ಚೌಕಗಳಾಗುವಂತೆ, ಗೇಣೆತ್ತರದ ಒಡ್ಡು ಎಳೆಯುವುದು. ಮಳೆ ಬಿದ್ದಲ್ಲೇ ನಿಲ್ಲುತ್ತದೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತುವ ಮೊದಲು ಹರಗಿ ಸಮ ಮಾಡಿದರೆ ಮುಗಿಯಿತು. ಇಳಿಜಾರು 100ಕ್ಕೆ 1ನ್ನು ದಾಟಿದ ಹೊಲದಲ್ಲಿ ಇದು ಒಡೆಯುತ್ತದೆ.

ಇಲ್ಲಿ ದುಡ್ಡಿನ ಮಾತು ಆಡಲೇಬೇಕು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರು ತಾವೇ ವಂತಿಗೆ ಕೂಡಿಸಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದನ್ನು ‘ಶ್ರಮಬಿಂದು ಸಾಗರ’ ಎನ್ನುತ್ತೇವೆ. ನಮ್ಮ ಜನ ಗಂಟು ಬಿಚ್ಚುವುದಿಲ್ಲ ಎನ್ನುವವರಿಗೆ ಅಷ್ಟು ಹೇಳಿದರೆ ಸಾಕು. ಆದರೆ ಬ್ಯಾರೇಜಿನ ನೀರು ಕಣ್ಣಿಗೆ ಕಾಣುತ್ತದೆ, ಹೊಲಕ್ಕೆ ಏರುತ್ತದೆ. ಮಡ್ಡಿಯ ಕಂದಕದ ನೀರು ಕಾಣುವುದಿಲ್ಲ, ಇಂಗಿ ಹೋಗಿ ಕೆಳಗಿನವರ ಬಾವಿಯಲ್ಲಿ ಏಳುತ್ತದೆ. ಕಂದಕ ತೋಡಲು ಮೇಯಿಸುವ ಜಾಗ ಬಿಟ್ಟುಕೊಟ್ಟವರು ಕುರಿ-ಆಡಿನವರು, ಲಾಭ ತಗ್ಗಿನ ಕಬ್ಬಿನವರಿಗೆ. ಇದನ್ನು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಹೇಳಿ ತೀರ್ಮಾನಿಸದ ಊರುಗಳಲ್ಲಿ ಎರಡನೇ ವರ್ಷವೇ ಆಡುಗಳು ಸಸಿ ತಿಂದಿರುತ್ತವೆ. ಮಡ್ಡಿಯನ್ನು ಒಮ್ಮೆಲೇ ಮುಚ್ಚದೆ ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಎರಡು ವರ್ಷ ಮೇಯಿಸುವುದನ್ನು ನಿಲ್ಲಿಸಿ. ಆ ಪಾಲಿನ ಹುಲ್ಲು ಕೊಯ್ದು ಒಯ್ಯುವ ಹಕ್ಕು ಮೊದಲು ಕುರಿಗಾರರಿಗೇ ಸಿಗಲಿ. ತೋಡುವ ಕೂಲಿಗೆ ಉದ್ಯೋಗ ಖಾತ್ರಿಯ ದಾರಿ ಇದೆ, ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿಸಬೇಕು. ರಿಪೇರಿಗೆ ಯಾರೂ ಕೊಡುವುದಿಲ್ಲ. ಅದಕ್ಕೆ ಕೊಳವೆಬಾವಿ ಇದ್ದವರಿಂದ ವರ್ಷಕ್ಕಿಷ್ಟು ಎಂದು ವಂತಿಗೆ ಎತ್ತುವುದೇ ನ್ಯಾಯ.

ಹಳ್ಳದ ದಂಡೆಗೆ ಬರೋಣ. ‘ಹಳ್ಳ ಸ್ವಚ್ಛ ಮಾಡ್ತೀವಿ’ ಎಂದು ಜೆಸಿಬಿ ಇಳಿಸಿ, ಕಂಟಿ ಕಿತ್ತು, ಕಾಲುವೆಯಂತೆ ನೇರ ಮಾಡುವುದು ಈಗಿನ ಹೊಸ ರೋಗ. ಮಾಡಿದ ವಾರ ನೋಡಲು ಚೆಂದ. ಬಳಸು ಹೋದ ಹಳ್ಳ ನೀರನ್ನು ನಿಧಾನಿಸುತ್ತಿತ್ತು, ನೇರವಾದದ್ದು ಅದೇ ನೀರನ್ನು ಬೇಗ, ಜೋರಾಗಿ ಕೆಳಗಿನ ಊರಿಗೆ ತಲುಪಿಸುತ್ತದೆ. ತಳ ಆಳವಾದಷ್ಟೂ ಪಕ್ಕದ ಹೊಲದ ಅಂತರ್ಜಲ ಹಳ್ಳಕ್ಕೆ ಬಸಿದು ಹೋಗುತ್ತದೆ. ಹೂಳು ತೆಗೆಯಲೇಬೇಕಿದ್ದರೆ ತಡೆಗಳ ಹಿಂದಿನದನ್ನು ಮಾತ್ರ ತೆಗೆಯಿರಿ, ಹಳ್ಳದ ಮೂಲ ತಳ ಮುಟ್ಟಬೇಡಿ.

ದಂಡೆಯ ಎರಡೂ ಕಡೆ 5ರಿಂದ 10 ಮೀಟರ್ ಹಸಿರು ಪಟ್ಟಿ ಬಿಟ್ಟರೆ ಹೊಲದ ಮಣ್ಣು, ಗೊಬ್ಬರ ಅಲ್ಲೇ ಸೋಸಿ ನಿಲ್ಲುತ್ತದೆ. ನೀರಿನ ಅಂಚಿಗೆ ಲಾವಂಚವನ್ನು 10-15 ಸೆಂ.ಮೀ.ಗೊಂದು ಬುಡದಂತೆ, ಜೊತೆಗೆ ಲಕ್ಕಿ. ಸ್ವಲ್ಪ ಮೇಲೆ ಹೊಳೆಮತ್ತಿ, ನೇರಲ, ಹೊಂಗೆ, ಅತ್ತಿ. ಹೊಲದ ಕಡೆಗೆ ಮೇವಿನ ಹುಲ್ಲು, ರೈತ ಒಪ್ಪುವುದು ಈ ಹುಲ್ಲಿಗಾಗಿಯೇ. ಸಸಿಯನ್ನು ನೆರೆ ಮುಟ್ಟುವ ಗೆರೆಯ ಕೆಳಗೆ ಜೂನಿನಲ್ಲಿ ನೆಟ್ಟರೆ ಆಗಸ್ಟಿಗೆ ಅದು ಕೂಡಲಸಂಗಮದಲ್ಲಿರುತ್ತದೆ. ಸರ್ಕಾರಿ ಜಾಲಿಯನ್ನು ಬರೀ ಕಡಿದರೆ ಮೊದಲಿಗಿಂತ ದಟ್ಟವಾಗಿ ಚಿಗುರುತ್ತದೆ, ಬುಡವನ್ನು ನೆಲದ ಒಳಗೆ ಒಂದು ಅಡಿವರೆಗೆ ಅಗೆದು ತೆಗೆಯಬೇಕು. ಅದನ್ನೂ ದಂಡೆಯುದ್ದಕ್ಕೂ ಒಂದೇ ಸಲ ಕಿತ್ತರೆ ದಂಡೆ ಕುಸಿಯುತ್ತದೆ. ಕಿತ್ತಷ್ಟು ಜಾಗಕ್ಕೆ ಬೇರೆ ಗಿಡ ಹಿಡಿದ ಮೇಲೆ ಮುಂದೆ ಹೋಗಿ.

ಹೊಲಸಿನ ವಿಷಯದಲ್ಲಿ ಕಾರ್ಖಾನೆಯನ್ನು ಬೈಯುವುದು ಸುಲಭ, ನಮ್ಮ ಬಚ್ಚಲನ್ನು ಮರೆಯುವುದು ಅದಕ್ಕಿಂತ ಸುಲಭ. ನಳದ ನೀರು ತಲೆಗೆ ದಿನಕ್ಕೆ 55 ಲೀಟರ್ ಎಂದರೆ, 2,000 ಜನರ ಊರಿನಿಂದ ಅದರ ನೂರಕ್ಕೆ 80 ಪಾಲು, 88,000 ಲೀಟರ್ ಬಚ್ಚಲ ನೀರು ದಿನಾ ಹಳ್ಳ ಸೇರುತ್ತದೆ. ಮಸಾರಿ (ಕೆಂಪು ಮಣ್ಣಿನ) ನೆಲದ ಮನೆಗಳಿಗೆ ಒಂದು ಮೀಟರ್ ಉದ್ದ-ಅಗಲ-ಆಳದ ಇಂಗುಗುಂಡಿ ನಡೆಯುತ್ತದೆ. ಎರಿ ನೆಲದಲ್ಲಿ ಅದೇ ಗುಂಡಿ ತಿಂಗಳೊಳಗೆ ತುಂಬಿ ಸೊಳ್ಳೆ ಸಾಕುತ್ತದೆ. ಅಂಥ ಊರಿಗೆ ಚರಂಡಿಯ ಕೊನೆಯಲ್ಲಿ ಜಲ್ಲಿಯ ಹಾಸು ಬೇಕು: 60 ಸೆಂ.ಮೀ. ಆಳ, 20-40 ಮಿ.ಮೀ. ಜಲ್ಲಿ, ಅದರಲ್ಲಿ ಕಾಬಾಳೆ ಗಿಡ. ತಲೆಗೆ ಸುಮಾರು 1 ಚದರ ಮೀಟರ್ ಲೆಕ್ಕದಲ್ಲಿ 2,000 ಜನಕ್ಕೆ ಅರ್ಧ ಎಕರೆ ಹತ್ತಿರ. ಇದಕ್ಕೆ ಮೊದಲು ಎರಡು ಕೋಣೆಯ ಕೆಸರು ತೊಟ್ಟಿ ಇರಲೇಬೇಕು, ಹದಿನೈದು ದಿನಕ್ಕೊಮ್ಮೆ ಅದನ್ನು ಬಳಿಯುವವರು ಯಾರೆಂದು ಕಟ್ಟುವ ಮೊದಲೇ ಗೊತ್ತಾಗಿರಬೇಕು. ಬಳಿಯದಿದ್ದರೆ ಜಲ್ಲಿ ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡ ಜಲ್ಲಿಯನ್ನು ತೆಗೆದು ತೊಳೆಯದೆ ಬೇರೆ ದಾರಿಯಿಲ್ಲ. ಔಷಧಿ ಹೊಡೆದ ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ. ಡಬ್ಬಿಯನ್ನು ಮೂರು ಸಲ ಕಲಕಿ ಆ ನೀರನ್ನೂ ಪಂಪಿಗೇ ಹಾಕಿ ಹೊಡೆಯಿರಿ. ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಡದೆ ಸಾಲಿನಲ್ಲೇ ಹಾಸಿದರೆ ನೀರೂ ಉಳಿಯುತ್ತದೆ, ಮಣ್ಣೂ ತೊಳೆದು ಹೋಗುವುದಿಲ್ಲ.

ನೀರಿನ ಪರೀಕ್ಷೆಗೆ, ಮಲದ ರೋಗಾಣು ಸೇರಿದ್ದರೆ ಕಪ್ಪಾಗುವ ಬಾಟಲಿಯನ್ನು ಬಾವಿ-ಬೋರಿಗೆ ಬಳಸಿ. ಹಳ್ಳದ ನೀರಿಗೆ ಅದು ಹೆಚ್ಚುಕಡಿಮೆ ಯಾವಾಗಲೂ ಕಪ್ಪಾಗುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಹಳ್ಳಕ್ಕೆ ಕಲ್ಲು ಮಗುಚಿ ನೋಡುವುದೇ ಒಳ್ಳೆಯದು. ಕಲ್ಲಿನಡಿ ಮೂರು ಬಾಲದ ಚಪ್ಪಟೆ ಮರಿಹುಳುಗಳಿದ್ದರೆ ನೀರಿನಲ್ಲಿ ಉಸಿರಿದೆ. ಕೆಸರಿನಲ್ಲಿ ಕೆಂಪು ಎಳೆಹುಳು ಮಾತ್ರ ಇದ್ದರೆ ಕೊಳೆತದ್ದು ಹೆಚ್ಚಾಗಿದೆ. ಕರಗಿದ ಆಮ್ಲಜನಕವನ್ನು ಸೂರ್ಯ ಹುಟ್ಟುವ ಹೊತ್ತಿಗೆ ಅಳೆಯಬೇಕು. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಆಗ ಅದು ಅತಿ ಕಡಿಮೆ, ಮೀನು ಸಾಯುವುದೂ ಆಗಲೇ. ಮಧ್ಯಾಹ್ನ ಅಳೆದರೆ ಎಲ್ಲ ಹಳ್ಳವೂ ಪಾಸಾಗುತ್ತದೆ. ಜಳಕದ ನೀರಿಗೆ ಲೀಟರಿಗೆ 5 ಮಿಲಿಗ್ರಾಮ್ ಅಥವಾ ಹೆಚ್ಚು ಇರಬೇಕು.

ಮೀನು ಸತ್ತು ತೇಲಿದರೆ ಹೊತ್ತು, ಜಾಗ ಕಾಣುವ ಫೋಟೊ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂದೇ ಬರೆದು ತಿಳಿಸಿ. ನೀವು ತುಂಬಿದ ಬಾಟಲಿ ನಿಮ್ಮ ತಿಳುವಳಿಕೆಗೆ ಸರಿ. 1974ರ ಜಲ ಕಾಯ್ದೆಯ ಪ್ರಕಾರ ಕೋರ್ಟಿನಲ್ಲಿ ನಿಲ್ಲುವುದು ಮಂಡಳಿಯವರು ಕ್ರಮಬದ್ಧವಾಗಿ ತೆಗೆದ ಮಾದರಿ. ಅದಕ್ಕೇ ಅವರನ್ನು ಬೇಗ ಕರೆಸುವುದು ಮುಖ್ಯ, ಎರಡು ದಿನ ತಡವಾದರೆ ನೀರೂ ಹೋಗಿರುತ್ತದೆ, ಸಾಕ್ಷಿಯೂ ಹೋಗಿರುತ್ತದೆ.

ಹೊಳೆಯನ್ನು ಅನುಭವಿಸುವ ಮಾತನ್ನು ಕೊನೆಗೆ ಇಟ್ಟಿದ್ದೇವೆ, ಅದು ಕಡಿಮೆಯದೆಂದಲ್ಲ. ನವೆಂಬರಿನಿಂದ ಜನವರಿ ಹೊಳೆ ನಡಿಗೆಗೆ ಒಳ್ಳೆಯ ಕಾಲ. ಹೊಳೆ ಉತ್ತರಕ್ಕೆ ತಿರುಗುವ ಪಟ್ಟದಕಲ್ಲಿನಿಂದ ಐಹೊಳೆಯ ಕಡೆಗೆ ದಂಡೆ ಹಿಡಿದು ನಡೆದರೆ ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ ಸಿಗುತ್ತವೆ, ಗುಡಿಗಳಂತೂ ಇದ್ದೇ ಇವೆ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡರೆ ಥರ್ಮಾಕೋಲ್ ತಾಟು ಬೇಕಾಗುವುದಿಲ್ಲ. ಸಂಕ್ರಮಣದ ಜಳಕಕ್ಕೆ ಜನ ಸೇರುವಲ್ಲಿ ಬಟ್ಟೆ, ಶಾಂಪೂ ಚೀಟಿ ನೀರಿಗೆ ಬೀಳುವುದನ್ನು ಬೋರ್ಡು ನಿಲ್ಲಿಸುವುದಿಲ್ಲ. ಘಟ್ಟದಿಂದ ಇಪ್ಪತ್ತು ಹೆಜ್ಜೆಯೊಳಗೆ ಗೋಣಿಚೀಲ ತೂಗುಹಾಕಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಮರೆ ಕಟ್ಟಿ. ಮರೆ ಇದ್ದಲ್ಲಿ ಹೊಲಸು ಕಡಿಮೆಯಾಗುತ್ತದೆ.

ಈಜಿನ ಬಗ್ಗೆ ಎರಡು ಎಚ್ಚರಿಕೆ. ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳಕ್ಕೆ ಇಳಿಯುತ್ತದೆ, ಎಷ್ಟೋ ಸಾವು ಅಲ್ಲೇ. ಹೊಳೆಗೆ ಅಡ್ಡ ಕಟ್ಟಿದ ಬಾಂದಾರದ ಗೇಟು ಹಲಗೆಗಳ ಹತ್ತಿರ ಮೇಲೂ ಕೆಳಗೂ ಇಳಿಯಬೇಡಿ, ಸಂದಿನ ಸೆಳೆತಕ್ಕೆ ಈಜು ಬಂದವರೂ ಸಿಗುತ್ತಾರೆ. ಆ ಹಲಗೆಗಳನ್ನು ಜೂನಿನ ಮೊದಲ ನೆರೆಗೆ ಮುಂಚೆ ತೆಗೆಸುವುದೂ ಊರಿನ ಕೆಲಸವೇ. ತೆಗೆಯದಿದ್ದರೆ ಹಿಂದೆ ಹೂಳು ಕೂಡುತ್ತದೆ, ನೀರು ಬದಿ ಸೀಳಿ ಹೊಲ ಕೊಚ್ಚುತ್ತದೆ.

ಸಭೆಯಲ್ಲಿ ಒಬ್ಬರು ಕೇಳಿದರು: ‘ಸರ, ನಮ್ಮ ಹಳ್ಳದಾಗ ಮೀನಾ ಕಡಿಮ್ಯಾಗ್ಯಾವ, ಮರಿ ತಂದ ಬಿಟ್ರ ನಡೀತದೇನ್ರಿ?’

ಮೀನು ಕಡಿಮೆಯಾಗಿದ್ದು ಮರಿ ಇಲ್ಲದ್ದಕ್ಕಲ್ಲ, ಬೇಸಿಗೆಯಲ್ಲಿ ಉಳಿಯಲು ಮಡುವು ಇಲ್ಲದ್ದಕ್ಕೆ. ಹಳ್ಳದಲ್ಲಿ ಎರಡೋ ಮೂರೋ ಆಳದ ಮಡುವು ಗುರುತಿಸಿ, ಅಲ್ಲಿಂದ ಪಂಪು ಹಚ್ಚಬಾರದು, ಮರಳು ತೆಗೆಯಬಾರದು ಎಂದು ಠರಾವು ಮಾಡಿ. ಮಳೆಗಾಲದ ಮೊದಲೆರಡು ತಿಂಗಳು, ಮೀನು ಮೊಟ್ಟೆ ಇಡಲು ಮೇಲೇರುವಾಗ, ಹಳ್ಳಕ್ಕೆ ಅಡ್ಡಬಲೆ ಕಟ್ಟಬೇಡಿ. ಹೊರಗಿನ ಮರಿ ಬಿಡಬೇಡಿ, ಅದರಲ್ಲೂ ಆಫ್ರಿಕನ್ ಕ್ಯಾಟ್‌ಫಿಶ್ ಬೇಡವೇ ಬೇಡ. ಅದನ್ನು ಸಾಕುವುದಕ್ಕೇ ನಿಷೇಧವಿದೆ, ಹಳ್ಳಕ್ಕೆ ಇಳಿದರೆ ಉಳಿದ ಮೀನನ್ನೆಲ್ಲ ನುಂಗುತ್ತದೆ. ಸೊಳ್ಳೆಗೆಂದು ಹಂಚುವ ಗಂಬೂಸಿಯಾ ಮೀನನ್ನೂ ಮನೆಯ ತೊಟ್ಟಿಯಲ್ಲೇ ಇಟ್ಟುಕೊಳ್ಳಿ, ಹಳ್ಳಕ್ಕೆ ಬೇಡ.